ಒಂಬತ್ತನೇ ಬೆಡ್ಡಿನ ಮಗು

ನಮ್ಮ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಸಿಸ್ಟರ್ ಒಬ್ಬರಿದ್ದಾರೆ. ಯಾವ ಮಗುವಿಗೆ ಯಾವ ಕೈಯಲ್ಲಿ ನರ ಸಿಗುತ್ತದೆ, ಸೂಜಿ ಚುಚ್ಚುವಾಗ ಯಾವ ಕಥೆ ಹೇಳಿದರೆ ಅಳು ನಿಲ್ಲುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಒಂದು ಬೆಳಿಗ್ಗೆ ಡ್ಯೂಟಿ ಒಪ್ಪಿಸುವಾಗ, "ಒಂಬತ್ತನೇ ಬೆಡ್ಡಿಗೆ ರಾತ್ರಿ ಎರಡು ಸಲ ಜ್ವರ. ಹನ್ನೊಂದನೇ ಬೆಡ್ಡಿಗೆ ಪ್ಲೇಟ್‌ಲೆಟ್ ಹಾಕಿದ್ದೇವೆ" ಎಂದು ಓದಿ ಮುಗಿಸಿದರು. ಒಂದು ಮಗುವಿನ ಹೆಸರೂ ಇಲ್ಲ. ವರದಿಯಲ್ಲಿ ತಪ್ಪೇನೂ ಇರಲಿಲ್ಲ, ನನಗೆ ಮಾತ್ರ ಎದೆ ಧಸಕ್ಕೆಂದಿತು.

ಇದು ಬರ್ನ್‌ಔಟ್, ಕೆಲಸದ ಒತ್ತಡದಲ್ಲಿ ಮನಸ್ಸು ಬತ್ತಿಹೋಗುವುದು. ಅದು ಬರೀ ದಣಿವಲ್ಲ. ರೋಗಿಯಿಂದ ಮನಸ್ಸು ದೂರ ಸರಿಯುತ್ತದೆ, 'ನಾನು ಮಾಡಿ ಏನು ಬಂತು' ಅನ್ನಿಸತೊಡಗುತ್ತದೆ. ಹೊರಗಿನವರು ಕಲ್ಲುಮನಸ್ಸು ಅನ್ನುತ್ತಾರೆ. ನಾನು ಕಂಡಂತೆ, ಮಕ್ಕಳನ್ನು ಹೆಚ್ಚು ಹಚ್ಚಿಕೊಂಡವರೇ ಹೀಗಾಗುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಹುಟ್ಟುವ ಸ್ಥಿತಿ ಎಂದಿತು. ಹಾಗಿದ್ದ ಮೇಲೆ ವರ್ಷಕ್ಕೊಂದು ಯೋಗ ಶಿಬಿರ ಮಾಡಿ ಆಡಳಿತ ಕೈತೊಳೆದುಕೊಳ್ಳುವಂತಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಮಗುವಿನ ಹಾಲುಹಲ್ಲು ಬಿದ್ದಿರುತ್ತದೆ, ಸಿಸ್ಟರ್ 'ಅಕ್ಕ' ಆಗಿರುತ್ತಾರೆ. ಆ ಮಗು ತೀರಿಕೊಂಡರೆ ಅಳುವುದಕ್ಕೂ ಹೊತ್ತಿಲ್ಲ. ಬೆಡ್‌ಶೀಟ್ ಬದಲಿಸುವಷ್ಟರಲ್ಲಿ ಮುಂದಿನ ಮಗು ಬಾಗಿಲಲ್ಲಿರುತ್ತದೆ.

ಸಾವಿಗಿಂತ ಹೆಚ್ಚು ಕೊರೆಯುವುದು ಇನ್ನೊಂದಿದೆ. ಔಷಧಿ ಕೆಲಸ ಮಾಡುತ್ತಿರುವಾಗಲೇ ಅಪ್ಪ ಬಂದು, "ಊರಲ್ಲಿ ಇನ್ನೆರಡು ಮಕ್ಕಳವೆ ಮೇಡಂ, ಕೂಲಿ ಬಿಟ್ಟು ಆರು ತಿಂಗಳಾಯ್ತು" ಎಂದು ಮಗುವನ್ನು ಎತ್ತಿಕೊಂಡು ಹೊರಡುತ್ತಾನೆ. ಮಾಡಬೇಕಾದ್ದು ಗೊತ್ತಿದ್ದೂ ಮಾಡಲಾಗದ ಈ ನೋವನ್ನು ಅಮೆರಿಕದ ತತ್ವಶಾಸ್ತ್ರಜ್ಞ ಆ್ಯಂಡ್ರೂ ಜೇಮ್ಟನ್ 1984ರಲ್ಲಿ, ನರ್ಸುಗಳ ಬಗ್ಗೆಯೇ ಬರೆಯುತ್ತಾ, ನೈತಿಕ ಸಂಕಟ ಎಂದು ಕರೆದರು. ಇದು ರಜೆ ಹಾಕಿದರೆ ಹೋಗುವಂಥದ್ದಲ್ಲ. ಪ್ರಯಾಣದ ಖರ್ಚು, ತಂಗಲು ಜಾಗ, ಬಿಟ್ಟುಹೋದವರಿಗೆ ಫೋನು ಮಾಡಿ ವಾಪಸ್ ಕರೆಸಲು ಒಬ್ಬರು, ಇವೂ ಸಿಬ್ಬಂದಿಯ ಮಾನಸಿಕ ಆರೋಗ್ಯದ ಲೆಕ್ಕಕ್ಕೇ ಬರಬೇಕು.

ಈಗ ನಮ್ಮಲ್ಲಿ ಮಗು ತೀರಿಕೊಂಡ ಮೇಲೆ ಅರ್ಧ ಗಂಟೆ ಆ ಬೆಡ್ ಖಾಲಿ ಇರುತ್ತದೆ. ಇನ್ನೊಂದು ವಿಷಯ ನಮಗೆ ಹೊಳೆದದ್ದೇ ತಡವಾಗಿ: ವಾರ್ಡಿನವರು ನೋಡುವುದೆಲ್ಲ ನರಳುವ ಮಕ್ಕಳನ್ನೇ. ಗುಣವಾದವರು ವಾರ್ಡಿಗೆ ಬರುವುದಿಲ್ಲ, ತಪಾಸಣೆಗೆ ಓಪಿಡಿಗೆ ಬಂದು ಹಾಗೇ ಹೋಗುತ್ತಾರೆ. ಆ ಸಿಸ್ಟರನ್ನು ಎರಡು ತಿಂಗಳು ಓಪಿಡಿಗೆ ಹಾಕಿದೆವು. ಮೊದಲ ವಾರವೇ, ಯೂನಿಫಾರ್ಮಿನಲ್ಲಿ ಎರಡು ಜಡೆ ಹಾಕಿಕೊಂಡು ಬಂದ ಹುಡುಗಿಯನ್ನು ಫೈಲು ನೋಡದೆ ಹೆಸರು ಹಿಡಿದು ಕರೆದರು.