ರಬ್ಬರ್ ಹಳೆಯದು, ಸರಿ. ಕೋವಿ ಜೊತೆಗೇ ಬಂದದ್ದಾ?

ಮಳೆ ಕಡಿಮೆಯಾಗಿ ಆಯುಧಪೂಜೆ ಹತ್ತಿರ ಬಂತು ಅಂದರೆ ಶಿರಸಿಯ ನನ್ನ ಅಂಗಡಿಗೆ ಕೋವಿಗಳು ಒಂದೊಂದಾಗಿ ಬರಲು ಶುರು. ತುಕ್ಕು ತೆಗೆಯುವುದು, ಸ್ಪ್ರಿಂಗ್ ಬದಲಿಸುವುದು, ಅಲ್ಲಾಡುವ ನಳಿಗೆ ಬಿಗಿ ಮಾಡುವುದು, ಇವೆಲ್ಲ ಮಾಮೂಲು. ಈಚೆಗೆ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ, ಗುಂಡು ಹೊಡೆದಾಗ ಭುಜಕ್ಕೆ ಪೆಟ್ಟಾಗದಂತೆ ಕೋವಿಯ ಹಿಂತುದಿಗೆ ಹಾಕುವ ರಬ್ಬರ್ ಪ್ಯಾಡಿನ ಬಗ್ಗೆ. "ಆಚಾರ್ರೆ, ಈ ಹಿಂದಿನ ರಬ್ಬರ್ ಕಂಪನಿಯದ್ದೇ ಹೌದಾ, ಸ್ವಲ್ಪ ನೋಡಿ."

ಕಂಪನಿಯದ್ದು ಅಂದರೆ ಕೋವಿ ತಯಾರಾಗುವಾಗಲೇ ಹಾಕಿದ್ದು. ಕೇಳುವವರು ಹೆಚ್ಚಾಗಿ ಅಜ್ಜನ ಜೋಡುನಳಿಗೆ ಕೋವಿಯನ್ನು ತಮ್ಮ ಲೈಸೆನ್ಸಿಗೆ ಹಾಕಿಸಿಕೊಂಡ ಮೊಮ್ಮಕ್ಕಳು. ಮೊಬೈಲಿನಲ್ಲಿ ಏನೋ ಓದಿರುತ್ತಾರೆ. ಹಿಂದೆ ಕೆಂಪು ಪ್ಯಾಡ್ ಇದ್ದರೆ, ಅದೂ ಒರಿಜಿನಲ್ ಆಗಿದ್ದರೆ, ಬೆಲೆ ಜಾಸ್ತಿ ಅಂತ. ಹೋದ ವರ್ಷ ಸಿದ್ದಾಪುರ ಕಡೆಯ ಅಡಿಕೆ ತೋಟದವರೊಬ್ಬರು ಇದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದರು. ಅವರ ನೆಂಟರೊಬ್ಬರು ಬರ್ಮಿಂಗ್‌ಹ್ಯಾಮಿನ ಒಂದು ಹಳೇ ಕೋವಿಯನ್ನು ಇವರಿಗೆ ಮಾರುವವರಿದ್ದರು, ಪ್ಯಾಡ್ ಕಂಪನಿಯದ್ದು ಅನ್ನುವ ಒಂದೇ ಕಾರಣಕ್ಕೆ ರೇಟು ಏರಿಸಿದ್ದರು. ಅದರ ಕಥೆ ಕೊನೆಗೆ ಹೇಳುತ್ತೇನೆ. ಮೊದಲು ನಾನು ಎಲ್ಲಿಂದ ನೋಡಲು ಶುರು ಮಾಡುತ್ತೇನೆ ಅಂತ ಹೇಳಿಬಿಡುತ್ತೇನೆ.

ರಬ್ಬರಿನಿಂದ ಅಲ್ಲ. ರಬ್ಬರನ್ನು ನಾನು ಕೊನೆಗೆ ನೋಡುವುದು.

ಯಾಕೆ ಅಂದರೆ ನಮ್ಮ ಕಡೆ ಇರುವ ಹಳೇ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವಕ್ಕೆ ಹುಟ್ಟುವಾಗ ಮೆತ್ತನೆ ರಬ್ಬರ್ ಪ್ಯಾಡೇ ಇರಲಿಲ್ಲ. ಲಂಡನ್ನಿನಲ್ಲಾಗಲಿ ಬರ್ಮಿಂಗ್‌ಹ್ಯಾಮಿನಲ್ಲಾಗಲಿ ಒಳ್ಳೆ ಕೋವಿ ಮಾಡುವವರು ಭುಜಕ್ಕೆ ತಾಗುವ ಮರದ ಮುಖಕ್ಕೆ ಸಣ್ಣ ಚೌಕಳಿ ಗೀರು ಹಾಕಿ ಹಾಗೇ ಬಿಡುತ್ತಿದ್ದರು. ಇಲ್ಲದಿದ್ದರೆ ಕೊಂಬಿನ ತಗಡೋ, ಕಪ್ಪು ಗಟ್ಟಿ ರಬ್ಬರಿನ ತಗಡೋ, ಮೇಲೆ ಕೆಳಗೆ ಎರಡು ಉಕ್ಕಿನ ತುಂಡೋ ಇರುತ್ತಿತ್ತು. ಮೆತ್ತನೆ ಪ್ಯಾಡ್ ಬೇಕು ಅಂತ ಗಿರಾಕಿ ಹೇಳಿದರೆ ಹಾಕಿ ಕೊಡುತ್ತಿದ್ದರು. ಇನ್ನೊಂದು ವಿಷಯ. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ಕಾರವಾರ, ಶಿರಸಿ ಕಡೆಗೆ ಬಂದ ಕೋವಿಗಳಲ್ಲಿ ಎಷ್ಟೋ ಮುಂಬಯಿ ಅಂಗಡಿಗಳಿಂದ ಬಂದವು. ಎರಡು ನಳಿಗೆಯ ನಡುವಿನ ಪಟ್ಟಿಯ ಮೇಲೆ ಅಂಗಡಿಯ ಹೆಸರಷ್ಟೇ ಇರುತ್ತದೆ, ಮಾಡಿದವರ ಹೆಸರು ಇರುವುದಿಲ್ಲ. ಆ ಹೆಸರು ನೋಡಿ ಕಂಪನಿ ಹುಡುಕಲು ಹೋದರೆ ಸುಮ್ನೆ ಸುತ್ತಾಟ.

ಕೋವಿ ಕೈಗೆ ಬಂದ ಕೂಡಲೇ ನಡುವೆ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇದೆಯಾ ನೋಡಿ, ನಳಿಗೆ ಬಿಚ್ಚಿ ಬದಿಗಿಡುತ್ತೇನೆ. ನಳಿಗೆಯ ಅಡಿಯಲ್ಲಿ, ನಳಿಗೆ ಗಟ್ಟಿ ಇದೆಯಾ ಅಂತ ಪರೀಕ್ಷಿಸಿ ಹೊಡೆದ ಮುದ್ರೆಗಳಿರುತ್ತವೆ. ಬರ್ಮಿಂಗ್‌ಹ್ಯಾಮಿನದ್ದಾದರೆ, ಕಿರೀಟದ ಕೆಳಗೆ ಕತ್ತರಿಯಂತೆ ಅಡ್ಡಾದ ಎರಡು ರಾಜದಂಡ ಕಂಡರೆ ಅದು 1904ಕ್ಕಿಂತ ಹಿಂದಿನದು. ಕಿರೀಟದ ಕೆಳಗೆ ಬಿಪಿ, ಬಿವಿ ಅಂತ ಅಕ್ಷರ ಇದ್ದರೆ ಆಮೇಲಿನದು. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅಂತಿದ್ದರೆ ಬೆಲ್ಜಿಯಂನ ಲಿಯೇಜ್ ಊರಿನದು, ಪಟ್ಟಿಯ ಮೇಲೆ ಎಷ್ಟು ದೊಡ್ಡ ಇಂಗ್ಲಿಷ್ ಹೆಸರು ಕೆತ್ತಿದ್ದರೂ ಸೈ. ಇಷ್ಟಾದರೆ ಕೋವಿಯ ವಯಸ್ಸು ಹೆಚ್ಚುಕಡಿಮೆ ಗೊತ್ತಾಯಿತು. ಇನ್ನು ಹಿಂದೆ ಅಂಟಿಕೊಂಡಿರುವುದು ಆ ವಯಸ್ಸಿಗೆ ಹೊಂದುತ್ತದಾ ನೋಡಬೇಕು.

ಕೆಲವು ಸಲ ಅರ್ಧ ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತದೆ. ಪ್ಯಾಡಿನ ಪದರಗಳ ನಡುವೆ ಬಿಳಿ ಗೆರೆ ಇದೆಯಾ? ಅದು ಅಮೆರಿಕದ ಪ್ಯಾಕ್‌ಮೇರ್, ಮರ್ಶನ್ ಮುಂತಾದ ಪ್ಯಾಡ್ ಮಾಡುವವರು ಎಷ್ಟೋ ವರ್ಷ ಆಮೇಲೆ ಓಡಿಸಿದ ಫ್ಯಾಷನ್, 1890ರ ಕೋವಿಗೆ ಅದು ಬರಲು ಸಾಧ್ಯವೇ ಇಲ್ಲ. ಸ್ಕ್ರೂ ತಲೆಯಲ್ಲಿ ಪ್ಲಸ್ ಗುರುತು ಇದೆಯಾ? ಅಮೆರಿಕದ ಫಿಲಿಪ್ಸ್ ಅದಕ್ಕೆ ಪೇಟೆಂಟ್ ಪಡೆದದ್ದು 1936ರಲ್ಲಿ. ಹಳೇ ಕೋವಿಯಲ್ಲಿ ಒಂದೇ ಸೀಳಿನ ಸ್ಕ್ರೂ ಇರಬೇಕು, ಆ ಸೀಳೂ ತೆಳ್ಳಗೆ ಇರಬೇಕು. ಇಲ್ಲಿಗೇ ಮಾತು ಮುಗಿಯಿತು ಅಂದುಕೊಳ್ಳಬೇಡಿ. ಪ್ಲಸ್ ಸ್ಕ್ರೂ ಇದ್ದರೆ ಯಾರೋ ಸ್ಕ್ರೂ ಮಾತ್ರ ಬದಲಿಸಿರಲೂಬಹುದು. ಬಿಳಿ ಗೆರೆಗೆ ಮಾತ್ರ ಅಪೀಲು ಇಲ್ಲ.

ನಿಜವಾದ ಕೆಲಸ ಇರುವುದು ಮರದಲ್ಲಿ. ಮರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಅಪ್ಪಯ್ಯ ಹೇಳುತ್ತಿದ್ದ, ಅವನು ಬಡಗಿ ಕೆಲಸದಿಂದ ಕೋವಿ ಕೆಲಸಕ್ಕೆ ಬಂದವನು.

ಮೊದಲು ಮರ ಯಾವುದು ನೋಡಿ. ವಿದೇಶಿ ಕೋವಿಯ ಮರ ಸಾಮಾನ್ಯವಾಗಿ ವಾಲ್ನಟ್. ನಮ್ಮಲ್ಲಿ ಮುರಿದ ಮರಕ್ಕೆ ಬದಲು ಬೀಟೆಯದ್ದೋ ಸಾಗವಾನಿಯದ್ದೋ ಹೊಸದಾಗಿ ಕೆತ್ತಿ ಕೂರಿಸಿದ ಕೋವಿಗಳಿವೆ, ಕೆಲವಂತೂ ಎಷ್ಟು ಚೆಂದ ಕೆತ್ತಿದ್ದಾರೆ ಅಂದರೆ ಕೈ ಮುಗಿಯಬೇಕು. ಬೀಟೆ ಮರಕ್ಕೆ ಕಂಪನಿ ಪ್ಯಾಡ್ ಎಲ್ಲಿಂದ ಬಂತು ಹೇಳಿ?

ಆಮೇಲೆ ಉದ್ದ. ಮುಂದಿನ ಟ್ರಿಗರಿನಿಂದ ಹಿಂಭಾಗದ ಮಧ್ಯಕ್ಕೆ ಟೇಪು ಹಿಡಿಯಿರಿ. ಇಂಗ್ಲಿಷ್ ಕೋವಿಯಲ್ಲಿ ಸುಮಾರು 14ರಿಂದ 14¾ ಇಂಚು ಮಾಮೂಲು. ಪ್ಯಾಡ್ ಸೇರಿ ಇಷ್ಟೇ ಇದ್ದರೆ ಎರಡು ಸಾಧ್ಯತೆ. ಒಂದೋ ಪ್ಯಾಡ್ ಲೆಕ್ಕ ಇಟ್ಟುಕೊಂಡೇ ಮರ ಮಾಡಿದ್ದಾರೆ, ಇಲ್ಲವೇ ಆಮೇಲೆ ಯಾರೋ ಪ್ಯಾಡಿನ ದಪ್ಪದಷ್ಟು ಮರ ಕೊಯ್ದು ಕೂರಿಸಿದ್ದಾರೆ. ಪ್ಯಾಡ್ ಸೇರಿ 15½ ಬಂದರೆ ಕೊಯ್ಯದೆ ಸುಮ್ನೆ ಅಂಟಿಸಿದ್ದು ಇರಬೇಕು. ಪ್ಯಾಡ್ ಬಿಟ್ಟು 12½ ಬಂದರೆ ಹೆಚ್ಚಾಗಿ ಕೊಯ್ದದ್ದೇ, ಸಾಹೇಬನ ಅಳತೆಗೆ ಮಾಡಿದ ಕೋವಿಯನ್ನು ನಮ್ಮವರ ಕೈಯಳತೆಗೆ ತಂದಿರುತ್ತಾರೆ. ಅಳತೆ ಒಂದರಿಂದಲೇ ತೀರ್ಪು ಕೊಡಬಾರದು, ಆದರೆ ಎಲ್ಲಿ ನೋಡಬೇಕು ಅನ್ನುವುದನ್ನು ಅದು ತೋರಿಸುತ್ತದೆ.

ಈಗ ಮರ ಮತ್ತು ರಬ್ಬರ್ ಸೇರುವ ಜಾಗ. ಕೋವಿ ತಯಾರಾಗುವಾಗಲೇ ಹಾಕಿದ ಪ್ಯಾಡ್ ಆದರೆ ಮರ, ರಬ್ಬರ್ ಎರಡನ್ನೂ ಒಟ್ಟಿಗೆ ಉಜ್ಜಿ, ಆಮೇಲೆ ಮರಕ್ಕೆ ಎಣ್ಣೆ ಕುಡಿಸಿರುತ್ತಾರೆ. ಹಾಗಾಗಿ ಮರದ ಬಣ್ಣ ಅಂಚಿನವರೆಗೂ ಒಂದೇ ಥರ ಇರುತ್ತದೆ. ಆಮೇಲೆ ಹಾಕಿದ್ದಾದರೆ ಪ್ಯಾಡನ್ನು ಸಮ ಮಾಡುವ ಭರದಲ್ಲಿ ಉಪ್ಪುಕಾಗದ ಮರಕ್ಕೂ ತಾಗಿರುತ್ತದೆ. ಕಡೇ ಒಂದಿಂಚು ಮರ ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಅಥವಾ ಅಲ್ಲಿಗೆ ಮಾತ್ರ ಹೊಸ ಪಾಲಿಶ್ ಹೊಳೆಯುತ್ತಿರುತ್ತದೆ. ಕೆಳಗಿನ ಗೆರೆಯ ಮೇಲೆ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ಕಡೆಗೆ ಬರುವಾಗ ಗೆರೆ ಒಳಕ್ಕೆ ತಗ್ಗಿದರೆ ಅಲ್ಲಿ ಯಾರದೋ ಕೈ ಆಡಿದೆ.

ತುಂಬಾ ಜನ ತಪ್ಪುವ ಜಾಗ ಒಂದಿದೆ. ಪ್ಯಾಡ್ ಮರಕ್ಕೆ ಚೂರೂ ಏರುಪೇರಿಲ್ಲದೆ ಕೂತಿದೆ, ಅಂದಮೇಲೆ ಕಂಪನಿಯದ್ದೇ ಅನ್ನುತ್ತಾರೆ. ನನಗೆ ಅಲ್ಲೇ ಅನುಮಾನ ಶುರುವಾಗುವುದು. ನೂರು ವರ್ಷದ ರಬ್ಬರ್ ಗಟ್ಟಿಯಾಗಿ ಸ್ವಲ್ಪ ಕುಗ್ಗಿರುತ್ತದೆ, ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಒಳಗೆ ಹೋಗಿರುತ್ತದೆ. ಅದೇ ರಬ್ಬರ್ ಮರಕ್ಕಿಂತ ಹೊರಗೆ ಎದ್ದು ನಿಂತಿದ್ದರೆ ಮರವನ್ನು ಯಾವಾಗಲೋ ಉಜ್ಜಿ ತೆಳ್ಳಗೆ ಮಾಡಿದ್ದಾರೆ ಅಂತ ಅರ್ಥ. ಅಂಥ ಕೋವಿಯಲ್ಲಿ ಪ್ಯಾಡ್ ಮೂಲದ್ದೇ ಇರಬಹುದು, ಹಾಳಾದದ್ದು ಮರ.

ನಮ್ಮ ಊರಿನ ಕೋವಿಗಳಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ, ಯಾವ ಇಂಗ್ಲಿಷ್ ಪುಸ್ತಕದಲ್ಲೂ ಅದನ್ನು ನಾನು ಕಂಡಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಕೋವಿಗೆ ಗಂಧ, ಕುಂಕುಮ ಬೀಳುತ್ತದಲ್ಲ, ಆ ಕೆಂಪು ಪುಡಿ ಎಣ್ಣೆಯೊಂದಿಗೆ ಸೇರಿ ಗೀರುಗಳಲ್ಲಿ, ಸ್ಕ್ರೂ ಸೀಳಿನಲ್ಲಿ, ಮರ ಮತ್ತು ಪ್ಯಾಡ್ ಸೇರುವ ಸಂದಿಯಲ್ಲಿ ಕೂತುಬಿಡುತ್ತದೆ. ಹೊಗೆ ಅಟ್ಟದ ಹತ್ತಿರ ನೇತು ಹಾಕಿದ ಕೋವಿಯಾದರೆ ಮಸಿಯೂ ಸೇರಿರುತ್ತದೆ. ಮರದ ಗೀರಿನಲ್ಲೆಲ್ಲ ಕುಂಕುಮ ಇದ್ದು ಪ್ಯಾಡಿನ ಸಂದಿ ಮಾತ್ರ ತೊಳೆದಿಟ್ಟ ಹಾಗೆ ಇದ್ದರೆ ನಾನು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುತ್ತೇನೆ.

ಬಿಚ್ಚುವಾಗ ಹುಷಾರು. ಕೆಲವು ಪ್ಯಾಡುಗಳಲ್ಲಿ ಸ್ಕ್ರೂ ಮೇಲೆ ಗುಂಡಗಿನ ರಬ್ಬರ್ ಬಿರಡೆ ಇರುತ್ತದೆ, ಕೆಲವದರಲ್ಲಿ ರಬ್ಬರಿನಲ್ಲಿ ಸಣ್ಣ ಸೀಳು ಮಾತ್ರ. ಸ್ಕ್ರೂಡ್ರೈವರ್ ತುದಿಗೆ ಸೋಪಿನ ನೀರು ಹಚ್ಚಿ ಮೆಲ್ಲಗೆ ಇಳಿಸಿ. ಗಟ್ಟಿಯಾಗಿ ಬಿರಿಯುವ ಸ್ಥಿತಿಯಲ್ಲಿದ್ದರೆ ಬಿಚ್ಚಲೇಬೇಡಿ, ಹೊರಗಿಂದ ಗೊತ್ತಾದಷ್ಟು ಸಾಕು.

ಬಿಚ್ಚಿದ ಮೇಲೆ ಮರದ ಅಡ್ಡ ಮುಖವೇ ಎಲ್ಲ ಹೇಳುತ್ತದೆ. ಹಳೇ ಮುಖ ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಆಮೇಲೆ ಕೊಯ್ದ ಮುಖ ತಿಳಿ ಬಣ್ಣದಲ್ಲಿ, ಗರಗಸದ ಗೆರೆಗಳ ಸಮೇತ ಕಾಣುತ್ತದೆ. ತೂತುಗಳನ್ನು ಎಣಿಸಿ. ಪ್ಯಾಡಿಗೆ ಎರಡು ಸ್ಕ್ರೂ, ಮರದಲ್ಲಿ ಎರಡೇ ತೂತು ಇದ್ದರೆ ಒಳ್ಳೆಯ ಲಕ್ಷಣ. ನಾಲ್ಕು ತೂತು ಇದ್ದು ಎರಡಕ್ಕೆ ಮರದ ಬೆಣೆ ಹೊಡೆದಿದ್ದರೆ ಅಲ್ಲಿ ಮೊದಲು ಬೇರೆ ತಗಡು ಇತ್ತು. ನಡುವೆ ಒಂದು ದೊಡ್ಡ ತೂತು ಕಂಡರೆ ಗಾಬರಿ ಬೇಡ, ತೂಕ ಸರಿಮಾಡಲು ಮರ ಕೊರೆಯುವುದು ಹಳೇ ಪದ್ಧತಿ.

ಇನ್ನು ರಬ್ಬರಿಗೆ ಬರೋಣ. ಇಂಗ್ಲಿಷ್ ಕೋವಿಗಳಲ್ಲಿ ಎಲ್ಲರೂ ಹೇಳುವ ಹೆಸರು ಸಿಲ್ವರ್ಸ್. ಎಸ್. ಡಬ್ಲ್ಯೂ. ಸಿಲ್ವರ್ ಅಂತ ಲಂಡನ್ನಿನ ಕಂಪನಿ, ಅವರ ರಬ್ಬರ್ ಕಾರ್ಖಾನೆ ಇದ್ದ ಜಾಗಕ್ಕೆ ಇವತ್ತಿಗೂ ಸಿಲ್ವರ್‌ಟೌನ್ ಅಂತಲೇ ಹೆಸರು. ಇಟ್ಟಿಗೆ ಬಣ್ಣದ ರಬ್ಬರ್, ಅಡಿಯಲ್ಲಿ ಕಪ್ಪು ಗಟ್ಟಿ ಪದರ, ಸ್ಕ್ರೂ ಮುಚ್ಚುವ ಎರಡು ಗುಂಡು ಬಿರಡೆ. ತೊಂದರೆ ಏನು ಅಂದರೆ ಇದೇ ನಮೂನೆಯ ಪ್ಯಾಡುಗಳನ್ನು ಅಮೆರಿಕದಲ್ಲಿ ಈಗಲೂ ಹೊಸದಾಗಿ ಮಾಡುತ್ತಾರೆ, ಹಳೇ ಕೋವಿ ರಿಪೇರಿಗೆಂದೇ. ಅದರಲ್ಲಿ ಮೋಸ ಏನೂ ಇಲ್ಲ. ಉಗುರು ಒತ್ತಿದರೆ ಹೊಸದು ಮೆತ್ತಗೆ ಒಳಗೆ ಹೋಗಿ ವಾಪಸ್ ಬರುತ್ತದೆ, ಹಳೆಯದು ಒಣಗಿದ ಬೆಲ್ಲದ ಅಚ್ಚಿನ ಹಾಗೆ ಗಟ್ಟಿ. ಹಂದಿ ಚರ್ಮ ಹೊದಿಸಿದ ಪ್ಯಾಡುಗಳೂ ಒಳ್ಳೆ ಲಂಡನ್ ಕೋವಿಗಳಲ್ಲಿ ಇದ್ದವು, ನಮ್ಮ ಕರಾವಳಿಯ ಬೂಷ್ಟು ಅವನ್ನು ಉಳಿಸುವುದು ಕಷ್ಟ. ಲೇಸು ಕಟ್ಟಿ ಹಾಕುವ ಚರ್ಮದ ಚೀಲ ಕಂಪನಿ ಪ್ಯಾಡ್ ಅಲ್ಲವೇ ಅಲ್ಲ.

ಅಮೆರಿಕದಲ್ಲಿ ಕೋವಿ ಮಾಡುತ್ತಿದ್ದ ಪಾರ್ಕರ್, ಎಲ್. ಸಿ. ಸ್ಮಿತ್ ಮುಂತಾದವರು ಜಾಸ್ತಿ ದುಡ್ಡು ಕೊಟ್ಟರೆ ಸಿಲ್ವರ್ಸ್, ಹಾಕಿನ್ಸ್, ಜೋಸ್ಟಮ್ ಅಂತ ಬೇರೆಯವರ ಪ್ಯಾಡ್ ಹಾಕಿ ಕೊಡುತ್ತಿದ್ದರು. ಅಂದರೆ ಪ್ಯಾಡಿನ ಮೇಲೆ ಬೇರೆ ಹೆಸರು ಇದ್ದರೂ ಕಾರ್ಖಾನೆಯಲ್ಲೇ ಹಾಕಿದ್ದು ಆಗಿರಬಹುದು. ಅಲ್ಲಿ ಒಂದು ಸುಖ ಇದೆ. ಸ್ಮಿತ್ ಕೋವಿಗಳ ಹಳೇ ಲೆಡ್ಜರುಗಳು ವಯೋಮಿಂಗ್‌ನ ಕೋಡಿ ಮ್ಯೂಸಿಯಂನಲ್ಲಿವೆ, ನಂಬರ್ ಕೊಟ್ಟರೆ ಹುಡುಕಿ ಹೇಳುತ್ತಾರೆ. ನನ್ನ ಮೇಜಿಗೆ ಅಂಥ ಕೋವಿ ಬರುವುದು ಅಪರೂಪ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸ ಕಲಿತ ಹೊಸತರಲ್ಲಿ ಯಲ್ಲಾಪುರ ಕಡೆಯ ಒಂದು ಕೋವಿಯಿಂದ ಬಿರುಕು ಬಿಟ್ಟ ಕೆಂಪು ಪ್ಯಾಡ್ ಕಿತ್ತು, ಚಪ್ಪಲಿ ರಬ್ಬರಿನಿಂದ ಹೊಸದು ಮಾಡಿ ಹಾಕಿ, ಹಳೆಯದನ್ನು ಒಲೆಗೆ ಹಾಕಿಬಿಟ್ಟೆ. ಗಿರಾಕಿ ಖುಷಿಯಾಗಿ ಹೋದರು. ಅದರ ಹಿಂದೆ ಎರಡೇ ತೂತು ಇತ್ತು, ಮರ ಕಪ್ಪಗೆ ಹಾಗೇ ಇತ್ತು. ಅದೇನು ಅಂತ ನನಗೆ ಗೊತ್ತಾಗುವಾಗ ಹತ್ತು ವರ್ಷ ಕಳೆದಿತ್ತು. ಈಗ ಏನೇ ಬಿಚ್ಚಿದರೂ ಸ್ಕ್ರೂ ಸಮೇತ ಡಬ್ಬಿಗೆ ಹಾಕಿ ವಾಪಸ್ ಕೊಡುತ್ತೇನೆ. ಮತ್ತೆ, ದಯವಿಟ್ಟು ಪ್ಯಾಡಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಕಬ್ಬಿಣಕ್ಕೆ ಹಚ್ಚಿದ ಬಟ್ಟೆಯಲ್ಲೇ ರಬ್ಬರನ್ನೂ ಒರೆಸುವ ಅಭ್ಯಾಸ ನಮ್ಮ ಕಡೆ ಜಾಸ್ತಿ, ಎಣ್ಣೆ ತಾಗಿದ ರಬ್ಬರ್ ಉಬ್ಬಿ ಅಂಟಂಟಾಗುತ್ತದೆ.

ಸಿದ್ದಾಪುರದವರ ಕೋವಿಗೆ ಬರುತ್ತೇನೆ. ಅಡ್ಡ ರಾಜದಂಡದ ಮುದ್ರೆ, ಇಟ್ಟಿಗೆ ಬಣ್ಣದ ಗಟ್ಟಿ ಪ್ಯಾಡ್, ಬಿರಡೆ, ಒಂದೇ ಸೀಳಿನ ಸ್ಕ್ರೂ, ಪ್ಯಾಡ್ ಸೇರಿ 14¼ ಇಂಚು. ಎಲ್ಲ ಸರಿ. ಸಂದಿಯಲ್ಲಿ ಕುಂಕುಮವೂ ಇತ್ತು. ನಾನೂ ಹೌದು ಅಂತ ಹೇಳಿಬಿಡುವವನೇ, ಆದರೆ ಕೆಳಗಿನ ಗೆರೆ ಕಡೆಯಲ್ಲಿ ಒಂದು ಕೂದಲಿನಷ್ಟು ತಗ್ಗಿತ್ತು. ಬಿಚ್ಚಿದೆವು. ಮರದಲ್ಲಿ ನಾಲ್ಕು ತೂತು, ಎರಡಕ್ಕೆ ಬೆಣೆ. ಪ್ಯಾಡಿನ ಕಪ್ಪು ಪದರದಲ್ಲೂ ಒಂದು ತೂತನ್ನು ಎಳೆದು ದೊಡ್ಡದು ಮಾಡಿದ್ದರು. ದೊಡ್ಡ ಕೋವಿಯೊಂದರಿಂದ ಬಿಚ್ಚಿ ತಂದು, ಸುತ್ತ ಉಜ್ಜಿ, ಇದಕ್ಕೆ ಕೂರಿಸಿದ್ದು, ಅದೂ ಬಹಳ ಹಿಂದೆ.

"ಹಾಗಾದ್ರೆ ಡೂಪ್ಲಿಕೇಟಾ ಆಚಾರ್ರೆ?" ಅಂದರು.

ಪ್ಯಾಡೂ ಅಸಲಿ, ಕೋವಿಯೂ ಅಸಲಿ, ಸಂಬಂಧ ಮಾತ್ರ ಆಮೇಲೆ ಕೂಡಿದ್ದು ಅಂದೆ. ಅವರು ನಾಲ್ಕು ತೂತಿನ ಫೋಟೋ ತೆಗೆದು ಅಲ್ಲೇ ನಿಂತು ನೆಂಟರಿಗೆ ಕಳಿಸಿದರು. ಅದೇ ಸ್ಕ್ರೂ ಹಾಕಿ ಪ್ಯಾಡ್ ಮೊದಲಿದ್ದ ಹಾಗೇ ಕೂರಿಸಿ ಕೊಟ್ಟೆ. ರೇಟು ಎಷ್ಟಕ್ಕೆ ಇಳಿಯಿತು ಅಂತ ನಾನು ಕೇಳಲಿಲ್ಲ, ಆದರೆ ಈ ಸಲ ಪೂಜೆಗೆ ಮೊದಲು ತುಕ್ಕು ತೆಗೆಸಲು ಆ ಕೋವಿ ತಂದವರು ಅವರೇ.