ಹತಾಶೆಯ ಹಕಾರ ಎಲ್ಲಿಂದ ಬಂತು?

ಕೆಲವು ತಿಂಗಳ ಹಿಂದೆ ಒಂದು ಉಪನ್ಯಾಸದಲ್ಲಿ ಭಾಷಣಕಾರರೊಬ್ಬರು, ‘ಹತ್ತು ಆಶೆಗಳ ಬೆನ್ನು ಹತ್ತಿದವನಿಗೆ ಕೊನೆಗೆ ದಕ್ಕುವುದೇ ಹತಾಶೆ, ಪದದಲ್ಲೇ ಅರ್ಥವಿದೆ’ ಎಂದಾಗ ಸಭೆ ಚಪ್ಪಾಳೆ ತಟ್ಟಿತು. ನನಗೆ ಸಂಕಟವಾಯಿತು. ಕಿವಿಗೆ ಹತ್ತಿರವೆನಿಸಿದ ಎರಡು ಪದಗಳನ್ನು ಬೆಸೆದು ವ್ಯುತ್ಪತ್ತಿ ಹೇಳುವುದು ಶಕುನ ನೋಡಿ ಮಳೆ ಹೇಳಿದಷ್ಟೇ ವಿಶ್ವಾಸಾರ್ಹ. ನಮ್ಮ ‘ಹತ್ತು’ ಹಳಗನ್ನಡದಲ್ಲಿ ‘ಪತ್ತು’ ಆಗಿತ್ತು. ತಮಿಳರು ಇಂದಿಗೂ ಹಾಗೆಯೇ ಎಣಿಸುತ್ತಾರೆ. ಹತಾಶೆ ಅದರಿಂದ ಹುಟ್ಟಿದ್ದರೆ ಅದರ ಹಳೆಯ ರೂಪ ಪಕಾರದಿಂದ ಆರಂಭವಾಗಬೇಕಿತ್ತು. ಆದರೆ ಅದು ಸಂಸ್ಕೃತದಿಂದ ಬರುವಾಗಲೇ ಹಕಾರವನ್ನು ಹೊತ್ತು ಬಂದ ಪದ.

ಹತ ಎಂದರೆ ಪೆಟ್ಟು ತಿಂದ, ಕೊಲ್ಲಲ್ಪಟ್ಟ. ಯಾರ ಆಶೆ ಹತವಾಗಿದೆಯೋ ಅವನು ಹತಾಶ, ಇದು ಬಹುವ್ರೀಹಿ, ಅಂದರೆ ಕೂಡಿದ ಪದಗಳೆರಡೂ ತಮ್ಮನ್ನು ಬಿಟ್ಟು ಬೇರೊಂದನ್ನು ಸೂಚಿಸುವ ಸಮಾಸ. ಹೀಗಾಗಿ ಪದವು ಮೂಲದಲ್ಲಿ ವ್ಯಕ್ತಿಯನ್ನು ಹೇಳುತ್ತದೆ, ಭಾವವನ್ನಲ್ಲ. ಸಂಸ್ಕೃತ ನಿಘಂಟುಗಳಲ್ಲಿ ಅದಕ್ಕೆ ನೀಚ, ದುಷ್ಟ ಎಂಬ ಅರ್ಥಗಳೂ ಉಂಟು. ಭಾವವನ್ನು ಸೂಚಿಸುವ ‘ಹತಾಶೆ’ ಕನ್ನಡದಲ್ಲಿ ‘ನಿರಾಶೆ’ಯ ಪಕ್ಕದಲ್ಲಿ ನೆಲೆಯೂರಿದೆ, ಅದನ್ನು ತಪ್ಪು ರೂಪವೆನ್ನಲು ನಾನು ಸಿದ್ಧನಿಲ್ಲ.

ನಿಜವಾದ ಸೊಗಸು ಇರುವುದು ‘ಹನ್’ ಧಾತುವಿನಲ್ಲಿ. ಗಮ್ ಗತವಾದಂತೆ, ಮನ್ ಮತವಾದಂತೆ ಹನ್ ಹತವಾಯಿತು. ಆದರೆ ಅದೇ ಧಾತು ವಿಘ್ನ, ಕೃತಘ್ನ, ಶತ್ರುಘ್ನ, ಆಘಾತಗಳಲ್ಲಿ ಘಕಾರದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಏಕೆ? ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಘ’ ಎಂದು ನೋಡಿ. ನಾಲಿಗೆಯ ಹಿಂಭಾಗ ಅಂಗುಳಕ್ಕೆ ಒತ್ತಿ, ಥಟ್ಟನೆ ಸರಿದು, ಉಸಿರನ್ನು ಅಂಗೈಗೆ ಚಿಮ್ಮಿಸುತ್ತದೆ. ಈಗ ನಾಲಿಗೆಯನ್ನು ಎಲ್ಲಿಯೂ ಒತ್ತದೆ ಅದೇ ಉಸಿರನ್ನು ಬಿಡಿ, ಉಳಿಯುವುದು ‘ಹ’. ಕೆರೆಯ ತೂಬಿನ ಬಿರಡೆಯನ್ನೇ ಕಿತ್ತುಹಾಕಿದರೆ ನೀರು ಚಿಮ್ಮದೆ ಸುಮ್ಮನೆ ಹರಿಯುತ್ತದಲ್ಲವೇ, ಹಾಗೆ. ತುಟಿಗಳು ಕೂಡುವುದನ್ನು ಬಿಟ್ಟಾಗ ನಮ್ಮ ‘ಪಾಲು’ ‘ಹಾಲು’ ಆಯಿತಲ್ಲ, ಹಾಗೆಯೂ ಹೌದು.

ಬಿರಡೆ ಕಿತ್ತದ್ದು ಒಂದು ಸ್ವರ. ಸಂಸ್ಕೃತಕ್ಕೂ ಹಿಂದಿನ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ಈ ಧಾತುವಿನ ಘಕಾರದಂಥ ಧ್ವನಿಯ ಬೆನ್ನಿಗೆ ಎಕಾರವಿತ್ತು. ಎಕಾರವನ್ನು ಉಚ್ಚರಿಸಲು ನಾಲಿಗೆ ಮುಂದಕ್ಕೆ ಸರಿಯುತ್ತದೆ, ಸರಿಯುವಾಗ ಹಿಂದಿನ ವ್ಯಂಜನವನ್ನೂ ಎಳೆದುಕೊಳ್ಳುತ್ತದೆ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’ ಆದದ್ದು, ‘ಕೆಡು’ ಅಲ್ಲಿ ‘ಚೆಡು’ ಆದದ್ದು ಇಂಥದೇ ಎಳೆತದಿಂದ. ಮುಂದೆ ಸರಿದ ಆ ಧ್ವನಿ ಸಂಸ್ಕೃತದಲ್ಲಿ ಹಿಡಿತ ಸಡಿಲಿ ಹಕಾರವಾಯಿತು. ವಿಘ್ನದಲ್ಲಾದರೋ ಘ ಮತ್ತು ನ ನಡುವೆ ಸ್ವರವೇ ಇಲ್ಲ, ಎಳೆಯುವವರಿಲ್ಲದೆ ಘಕಾರ ಕುಳಿತಲ್ಲೇ ಉಳಿಯಿತು. ‘ಹತ’ದಲ್ಲಿಯೂ ಎಕಾರವಿರಲಿಲ್ಲ, ‘ಹಂತಿ’ (ಕೊಲ್ಲುತ್ತಾನೆ) ಎಂಬಂಥ ಒಡಹುಟ್ಟಿದ ರೂಪಗಳನ್ನು ನೋಡಿ ಅದು ಹಕಾರವನ್ನು ಪಡೆಯಿತು.

ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು 1786ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಹೇಳಿದ ಮೇಲೆ, ಇಂಥ ಧ್ವನಿನಿಯಮಗಳನ್ನು ಒಂದೊಂದಾಗಿ ಹುಡುಕಿ ಕಟ್ಟಿದವರು ಮುಂದಿನ ಶತಮಾನದ ವಿದ್ವಾಂಸರು. ಪದದ ಆರಂಭದಲ್ಲಿ ಇದೇ ಧ್ವನಿ ಲ್ಯಾಟಿನ್‌ನಲ್ಲಿ ಫಕಾರವಾಯಿತು. ಆದ್ದರಿಂದ ಲ್ಯಾಟಿನ್ ಮೂಲದಿಂದ ಬಂದ ಇಂಗ್ಲಿಷಿನ ‘ಡಿಫೆಂಡ್’ನಲ್ಲಿರುವ ಫೆಂಡ್ ಮತ್ತು ಹತಾಶೆಯಲ್ಲಿರುವ ಹತ ಒಂದೇ ಬೇರಿನವು. ಕಿವಿಗೆ ಇವು ಪರಕೀಯ. ಹತ್ತು ಮತ್ತು ಹತ ಕಿವಿಗೆ ಅಣ್ಣತಮ್ಮಂದಿರಂತಿದ್ದರೂ ನೆಂಟರೇ ಅಲ್ಲ.

ಇನ್ನು ಆಶೆಯ ಮಾತು. ಅಮರಕೋಶ ‘ಆಶಾ’ ಎಂಬುದನ್ನು ದಿಕ್ಕಿನ ಹೆಸರುಗಳ ಸಾಲಿನಲ್ಲಿ ಕೊಡುತ್ತದೆ. ನಾವು ಭರವಸೆ ಕಳೆದುಕೊಂಡವನನ್ನು ದಿಕ್ಕೆಟ್ಟವನು ಎನ್ನುತ್ತೇವೆ. ಎರಡನ್ನೂ ಬೆಸೆದುಬಿಡಲು ನನಗೂ ಮನಸ್ಸಾಗುತ್ತದೆ. ಆದರೆ ಬಯಕೆಯ ಆಶಾ ‘ಶಂಸ್’ ಧಾತುವಿನದು, ದಿಕ್ಕಿನ ಆಶಾ ತಲುಪುವುದೆಂಬ ಅರ್ಥದ ‘ಅಶ್’ ಧಾತುವಿನದು ಎಂದು ನಿಘಂಟುಕಾರರು ಅವನ್ನು ಎರಡು ಬೇರೆ ಪದಗಳಾಗಿಯೇ ಇಟ್ಟಿದ್ದಾರೆ.