‘ವೇರ್’ ಮತ್ತು ‘ಪುಟ್ ಆನ್’: ಕೊರಿಯನ್ ಮಾತಾಡುವವರು ಎಡವುವ ಜಾಗ

ಇಂಗ್ಲಿಷಿನ ‘ವೇರ್’ಗೆ ಕೊರಿಯನ್ನಿನಲ್ಲಿ ಒಂದೇ ಪದವಿಲ್ಲ. ಅಂಗಿ, ಪ್ಯಾಂಟಿಗೆ ಇಪ್ತಾ, ಶೂ, ಕಾಲುಚೀಲಕ್ಕೆ ಶಿನ್ತಾ, ಟೋಪಿ, ಕನ್ನಡಕ, ಮಾಸ್ಕಿಗೆ ಸ್ಸುದಾ, ಉಂಗುರ, ಕೈಗವಸಿಗೆ ಕ್ಕಿದಾ, ವಾಚಿಗೆ ಛಾದಾ, ಟೈಗೆ ಮೇದಾ. ಸೀರೆ ಉಟ್ಟು, ಬಳೆ ತೊಟ್ಟು, ಹೂ ಮುಡಿಯುವ ನಮಗೆ ಇದು ವಿಚಿತ್ರವೆನಿಸದು. ಹಲವು ಪದಗಳ ಬದಲು ಒಂದನ್ನು ಕಲಿಯುವುದು ಸುಲಭವೇ. ತೊಡಕು ಇರುವುದು ಬೇರೆ ಕಡೆ.

‘ವೇರ್’ ಎಂದರೆ ಮೈಮೇಲೆ ಇರುವ ಸ್ಥಿತಿ, ‘ಪುಟ್ ಆನ್’ ಎಂದರೆ ಹಾಕಿಕೊಳ್ಳುವ ಕೆಲಸ. ಇಪ್ತಾ ಎರಡಕ್ಕೂ ಸಲ್ಲುತ್ತದೆ. ಅದರ ‘ಇಪ್ಕೊ ಇತ್ತಾ’ ರೂಪವೂ ಅಷ್ಟೇ: ಹಾಕಿಕೊಂಡಿದ್ದಾನೆ ಎಂದೂ ಆಗಬಹುದು, ಹಾಕಿಕೊಳ್ಳುತ್ತಿದ್ದಾನೆ ಎಂದೂ ಆಗಬಹುದು. ಹಾಗಾಗಿ ಬಾಗಿಲಲ್ಲಿ ಶೂ ಏರಿಸುತ್ತಿರುವವರು ‘ವೇಟ್, ಐ ಆ್ಯಮ್ ವೇರಿಂಗ್ ಮೈ ಶೂಸ್’ ಎನ್ನುತ್ತಾರೆ. ಕೇಳುವವರಿಗೆ ಶೂ ಆಗಲೇ ಕಾಲಲ್ಲಿದೆ ಎಂದು ಅರ್ಥ, ಮತ್ತೇಕೆ ಕಾಯಬೇಕೋ! ಇಲ್ಲಿ ‘ಪುಟಿಂಗ್ ಆನ್’ ಬೇಕು. ಬೆಳಗ್ಗೆ ಬಟ್ಟೆ ಹಾಕಿಕೊಂಡು ತಯಾರಾಗುವುದಕ್ಕೆ ‘ಗೆಟ್ ಡ್ರೆಸ್ಡ್’ ಇನ್ನೂ ಸಹಜ. ನಮ್ಮ ‘ಕೊಂಡಿದ್ದಾನೆ’, ‘ಕೊಳ್ಳುತ್ತಿದ್ದಾನೆ’ ಈ ಎರಡನ್ನೂ ಬೇರೆ ಮಾಡುವುದರಿಂದ ಕನ್ನಡಿಗರಿಗೆ ಈ ವ್ಯತ್ಯಾಸ ಬೇಗ ಹಿಡಿಯುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದು ಕಡಿಮೆ. ಎದುರಿಗಿರುವವರು ಕನ್ನಡಕ ಹಾಕಿದ್ದರೆ ಕೊರಿಯನ್ನಿನಲ್ಲಿ ಭೂತಕಾಲದ ‘ಸ್ಸೊತ್ತಾ’ ಬಳಸಬಹುದು: ಏರಿಸಿಯಾಗಿದೆ, ಈಗ ಇದೆ ಎಂಬ ಭಾವ. ಅದನ್ನೇ ಇಂಗ್ಲಿಷಿಗೆ ಎಳೆದು ‘ಹಿ ವೋರ್ ಗ್ಲಾಸಸ್’ ಎಂದರೆ ಹಿಂದೆ ಹಾಕುತ್ತಿದ್ದ ಎಂಬ ಅರ್ಥ ಬರುತ್ತದೆ. ಈಗ ಕಾಣುತ್ತಿದ್ದರೆ ‘ಈಸ್ ವೇರಿಂಗ್’, ದಿನನಿತ್ಯದ ರೂಢಿಯಾದರೆ ‘ವೇರ್ಸ್’.

‘ಪುಟ್ ಆನ್’ನಲ್ಲಿ ಪದಗಳ ಕ್ರಮ ನೋಡಿಕೊಳ್ಳಿ. ‘ಪುಟ್ ಆನ್ ಯುವರ್ ಕೋಟ್’, ‘ಪುಟ್ ಯುವರ್ ಕೋಟ್ ಆನ್’ ಎರಡೂ ಸರಿ. ಸರ್ವನಾಮ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆನ್’.

ಸೆಂಟ್, ಮೇಕಪ್‌ಗೂ ‘ವೇರ್’ ಸಲ್ಲುತ್ತದೆ. ಕೊರಿಯನ್ನಿನಲ್ಲಿ ಸೆಂಟನ್ನು ಸಿಂಪಡಿಸಿಕೊಳ್ಳುತ್ತಾರೆ. ಆದ್ದರಿಂದ ‘ಶಿ ಈಸ್ ವೇರಿಂಗ್ ಪರ್ಫ್ಯೂಮ್’ ತಾನಾಗಿ ನಾಲಿಗೆಗೆ ಬರುವುದಿಲ್ಲ, ಬೇರೆಯಾಗಿಯೇ ಬಾಯಿಪಾಠ ಮಾಡಬೇಕು.

ಕಳಚುವಾಗಲೂ ಕೊರಿಯನ್ನಿನಲ್ಲಿ ಪದಗಳು ಬೇರೆ: ಬಟ್ಟೆ, ಶೂ, ಟೋಪಿಗೆ ಪೊತ್ತಾ, ವಾಚು, ಟೈಗೆ ಫುಲ್ದಾ, ಉಂಗುರಕ್ಕೆ ಪ್ಪೇದಾ. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ‘ಟೇಕ್ ಆಫ್’ ಸಾಕು. ಕಾಂಟ್ಯಾಕ್ಟ್ ಲೆನ್ಸ್ ಮಾತ್ರ ಕಣ್ಣೊಳಗಿನದು, ಅದಕ್ಕೆ ‘ಟೇಕ್ ಔಟ್’.